ಕಪ್ಪಾಗುವ ನಾಲಗೆಗೆ ಕಷಾಯ ಸಾಲದು

ನಾಡಿಯಂತೆ ನಾಲಗೆಯನ್ನೂ ಪರೀಕ್ಷಿಸಿ ರೋಗವನ್ನು ನಿರ್ಣಯಿಸಬೇಕೆಂಬುದು ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯ ಕ್ರಮ. ಆದರೆ ಕಂಡ ರೋಗವನ್ನೆಲ್ಲ ತಾನೇ ಗುಣಪಡಿಸಬೇಕೆಂಬ ಹಟ ವೈದ್ಯನಿಗೆ ಸಲ್ಲದು. ನಾಲಗೆಗೆ ರಕ್ತ ಸಾಲದಾಗುವ ಕಾಯಿಲೆಯ ವಿಷಯದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ನಾಲಗೆಯ ಜೊತೆಗೆ ಕಣ್ಣಿನ ರೆಪ್ಪೆಯ ಒಳಭಾಗ, ಉಗುರುಗಳೂ ಬಿಳಿಚಿದ್ದರೆ ಅದು ಬಹುಮಟ್ಟಿಗೆ ಪಾಂಡುರೋಗ. ಅಲ್ಲಿ ಕೊರತೆ ಇರುವುದು ರಕ್ತದ ಸಾರದಲ್ಲಿ, ಹರಿವಿನಲ್ಲಲ್ಲ. ಹರಿವೇ ಕುಗ್ಗುವುದು ಅಪರೂಪ. ಏಕೆಂದರೆ ಕುತ್ತಿಗೆಯ ಎರಡೂ ಪಕ್ಕಗಳಿಂದ ಒಂದೊಂದು ಧಮನಿ ಬಂದು ನಾಲಗೆಯನ್ನು ಪೋಷಿಸುತ್ತದೆ. ಹೆಪ್ಪುಗಟ್ಟಿದ ರಕ್ತ ಅಡ್ಡಬಂದಾಗ, ಕುತ್ತಿಗೆಗೆ ವಿಕಿರಣ ಚಿಕಿತ್ಸೆಯಾದ ಮೇಲೆ ಹೀಗಾಗಬಹುದು. ಮುಖ್ಯ ಕಾರಣ ಮಾತ್ರ ಬೇರೆ.

ಧಮನಿಗಳ ಗೋಡೆಯೇ ಉರಿಯೂತದಿಂದ ದಪ್ಪವಾಗಿ, ಒಳದಾರಿ ಕಿರಿದಾಗುವ ಜಯಂಟ್ ಸೆಲ್ ಆರ್ಟರೈಟಿಸ್ ಎಂಬ ರೋಗವಿದೆ. ಇದು 50 ವರ್ಷ ದಾಟಿದವರ ರೋಗ. 70ರ ಆಚೆ, ಅದರಲ್ಲೂ ಸ್ತ್ರೀಯರಲ್ಲಿ ಹೆಚ್ಚು. ಉತ್ತರ ಯೂರೋಪಿನವರಿಗಿಂತ ನಮ್ಮಲ್ಲಿ ವಿರಳವಾದುದರಿಂದಲೇ ಬೇಗ ಹೊಳೆಯುವುದಿಲ್ಲ. ರೊಟ್ಟಿ ಅಗಿಯುತ್ತಿದ್ದಂತೆ ದವಡೆ, ನಾಲಗೆಗಳು ಸೋತು ನೋಯುತ್ತವೆ. ಅಗಿಯುವುದನ್ನು ನಿಲ್ಲಿಸಿದರೆ ನೋವು ಇಳಿಯುತ್ತದೆ. ಹೊಸದಾಗಿ ಬಂದ ತಲೆನೋವು, ಬಾಚಣಿಗೆ ತಗಲಿದರೂ ನೋಯುವ ನೆತ್ತಿ, ಸಣ್ಣ ಜ್ವರ ಜೊತೆಗಿರಬಹುದು. ಬಳಿಕ ನಾಲಗೆಯ ಒಂದು ಭಾಗ ಬಿಳಿಚಿ, ನೀಲಿಗಟ್ಟಿ, ಕಪ್ಪಾಗಿ ಕೊಳೆಯಲೂಬಹುದು. ಇದೇ ಉರಿಯೂತ ಕಣ್ಣಿನ ನರಕ್ಕೆ ರಕ್ತ ಒಯ್ಯುವ ಧಮನಿಗಳನ್ನು ಹಿಡಿದರೆ ದೃಷ್ಟಿ ಹಠಾತ್ತನೆ ಹೋಗುತ್ತದೆ. ಹೋದ ದೃಷ್ಟಿ ಮರಳುವುದು ವಿರಳ.

ಹಲವು ವರ್ಷಗಳ ಹಿಂದೆ ವೃದ್ಧ ತಾಯಿಯೊಬ್ಬರು ಇಂಥದೇ ನೋವಿಗಾಗಿ ಎರಡು ಹಲ್ಲು ಕೀಳಿಸಿಕೊಂಡು ನನ್ನಲ್ಲಿಗೆ ಬಂದರು. ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ ನಾನು ಒಂದು ವಾರ ಕಳೆದೆ. ಅಷ್ಟರಲ್ಲಿ ಅವರ ಎಡಗಣ್ಣು ಕತ್ತಲಾಯಿತು. ಆ ವಾರದ ಹೊಣೆ ನನ್ನದೇ.

ಇಂಥ ಲಕ್ಷಣ ಕಂಡ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇ.ಎಸ್.ಆರ್., ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳು ಸುಳಿವು ಕೊಡುತ್ತವೆ. ಸಂಶಯ ಬಲವಾಗಿದ್ದರೆ, ಧಮನಿಯ ತುಣುಕಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ವೈದ್ಯರು ಪ್ರೆಡ್ನಿಸೋಲೋನ್ ಆರಂಭಿಸುತ್ತಾರೆ. ಸ್ಟಿರಾಯ್ಡ್ ಎಂದೊಡನೆ ನಮ್ಮ ಜನ ಹಿಂಜರಿಯುತ್ತಾರೆ. ಆ ಅಂಜಿಕೆಯನ್ನು ಬೆಳೆಸಿದವರಲ್ಲಿ ನಮ್ಮ ಪದ್ಧತಿಯ ವೈದ್ಯರೂ ಇದ್ದೇವೆ. ಸಕ್ಕರೆ, ರಕ್ತದೊತ್ತಡ, ಮೂಳೆಗಳ ಮೇಲೆ ಅದರ ದುಷ್ಪರಿಣಾಮ ನಿಜ. ಅದಕ್ಕಾಗಿಯೇ ತಪಾಸಣೆ ನಡೆಯುತ್ತದೆ, ಪ್ರಮಾಣವನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಲಾಗುತ್ತದೆ. ನಡುವೆ ತಾವಾಗಿ ನಿಲ್ಲಿಸಿದರೆ ಅಪಾಯ. ಆ ಅವಧಿಯಲ್ಲಿ ಅಗಿಯುವ ಶ್ರಮವಿಲ್ಲದ ಗಂಜಿ, ಮೆತ್ತನೆಯ ಅನ್ನ ಹಿತಕರ. ನಮ್ಮ ಚೂರ್ಣ, ಲೇಹ್ಯಗಳನ್ನು ಸೇವಿಸುವುದಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಮೊದಲೇ ತಿಳಿಸಿರಿ.