ಗುಂಡಿಯೊಳಗಿನ ಮೊಸಳೆ

ಮಕ್ಕಳೇ, ಅಮೆರಿಕದ ಶಿಕಾಗೊದಲ್ಲಿ ಜಿಮ್ ಬಾಚೋರ್ ಎಂಬ ಕಲಾವಿದರಿದ್ದಾರೆ. ರಸ್ತೆಗುಂಡಿಗೆ ಕಾಂಕ್ರೀಟ್ ತುಂಬಿ, ಮೇಲೆ ಗಾಜು, ಅಮೃತಶಿಲೆಯ ಚೂರು ಜೋಡಿಸಿ ಐಸ್‌ಕ್ರೀಮ್ ಚಿತ್ರ ಮಾಡುತ್ತಾರೆ. ನಮ್ಮ ಮೈಸೂರಿನ ಬಾದಲ್ ನಂಜುಂಡಸ್ವಾಮಿಯವರು ಗುಂಡಿ ಮುಚ್ಚುವುದಿಲ್ಲ, ಎಲ್ಲರ ಕಣ್ಣಿಗೆ ಬೀಳಿಸುತ್ತಾರೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ನಿಜದಂಥ ಮೊಸಳೆ ಮಲಗಿಸಿದರು. 2019ರಲ್ಲಿ ಹೇರೋಹಳ್ಳಿಯ ಗುಂಡಿಗಳ ನಡುವೆ ಗಗನಯಾತ್ರಿ ವೇಷದ ನಟನನ್ನು ನಡೆಸಿ ವಿಡಿಯೊ ಮಾಡಿದರು; ನೋಡಿದವರಿಗೆ ಥೇಟ್ ಚಂದ್ರ! ಚಂದ್ರಯಾನ-2 ಹೋಗಿದ್ದ ಸಮಯವದು. ದುರಸ್ತಿಯವರು ಬೇಗನೆ ಬಂದರು.

ಕುಶಾಲನಗರದ ನಮ್ಮ ಬೀದಿಯ ಗುಂಡಿಗೆ ಕಳೆದ ಮಳೆಗಾಲದಲ್ಲಿ ಸ್ಕೂಟರ್ ಸಮೇತ ಬಿದ್ದೆ. ಮೊಣಕಾಲು ಇನ್ನೂ ನೋಯುತ್ತದೆ. ಮೂರು ಅರ್ಜಿ ಕೊಟ್ಟೆ. ಬ್ಯಾಂಕಿನವನಲ್ಲವೇ, ಮೂರಕ್ಕೂ ಸೀಲು ಹಾಕಿಸಿಕೊಂಡಿದ್ದೇನೆ. ಮೊನ್ನೆ ಮೊಮ್ಮಗಳು ಸೀಮೆಸುಣ್ಣದಲ್ಲಿ ಗುಂಡಿಯ ಸುತ್ತ ಮೊಸಳೆಯ ಬಾಯಿ ಬರೆದಳು. ನಾನು ಕೊಡೆ ಹಿಡಿದು ಕಾವಲು ನಿಂತೆ. ಈಗ ಬೈಕಿನವರು ನಿಧಾನಿಸುತ್ತಾರೆ. ಮಳೆ ಬಂದಾಗಲೆಲ್ಲ ಹಲ್ಲು ಮತ್ತೆ ಬರೆಯಬೇಕು, ಅಷ್ಟೇ.