ಮನೆ ಹಿಂದಿನ ಬಂಡೆ, ಗಂಡಿಕೋಟದ ಕಂದರ

ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತೆಂದರೆ ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರದ ಕಡೆಯಿಂದ ಕಾರುಗಳು ನಸುಕಿನಲ್ಲೇ ಹೊರಡುತ್ತವೆ. ಹಿಂದಿನ ಸೀಟಿನಲ್ಲಿ ಟೆಂಟು, ಚಿಪ್ಸು, ಬ್ಲೂಟೂತ್ ಸ್ಪೀಕರು. ಗುರಿ ಸುಮಾರು 400 ಕಿಲೋಮೀಟರ್ ದೂರದ ಗಂಡಿಕೋಟ. ಎಲ್ಲರ ಬಾಯಲ್ಲೂ ಅದಕ್ಕೆ ಒಂದೇ ಹೆಸರು, 'ಭಾರತದ ಗ್ರ್ಯಾಂಡ್ ಕ್ಯಾನ್ಯನ್'.

ಅಂಥ ಒಂದು ಕಾರಿನಲ್ಲಿ ನಾಲ್ವರು ಕನ್ನಡದ ಗೆಳೆಯರಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ರಾಯಚೂರಿನವನು, ಒಬ್ಬ ಹಾಸನದವನು, ಇನ್ನಿಬ್ಬರು ಬೆಂಗಳೂರಿನವರು. ಎಲ್ಲರೂ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಹೈದರಾಬಾದಿನಲ್ಲಿ ನೆಲೆಸಿದವರು. ಬೀಚುಪಲ್ಲಿಯಲ್ಲಿ ಕೃಷ್ಣೆ ದಾಟಿ, ತುಂಗಭದ್ರೆ ದಾಟಿ ಕರ್ನೂಲು ಮುಗಿಸುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಕಲ್ಲು, ಜಾಲಿ, ಒಣಗಿದ ಹಳ್ಳ. 'ಫುಲ್ ಡೆಸರ್ಟ್ ಅಲ್ವಾ ಮಗಾ' ಎನ್ನುತ್ತ ಬೆಂಗಳೂರಿನವನೊಬ್ಬ ಮೊಬೈಲು ತೆಗೆಯುತ್ತಾನೆ. 'ಇದೇನ್ ಡೆಸರ್ಟ್ ಲೇ, ನಮ್ಮ ಮಾನ್ವಿ ಹೊಲ ಇದ್ದಂಗ ಅದ' ಎನ್ನುತ್ತಾನೆ ರಾಯಚೂರಿನವನು.

ಅವನ ಮಾತೇ ಸರಿ. ರಾಯಲಸೀಮೆಯಲ್ಲಿ ಮಳೆ ಕಡಿಮೆ ನಿಜ. ನೈಋತ್ಯ ಮುಂಗಾರಿನ ಬಹುಪಾಲು ಪಶ್ಚಿಮಘಟ್ಟದಲ್ಲೇ ಸುರಿದು ಹೋಗುತ್ತದೆ. ಹಿಂಗಾರು ಪೂರ್ವ ಕರಾವಳಿಯಿಂದ ಒಳಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಬಳ್ಳಾರಿ, ರಾಯಚೂರುಗಳಿಗೂ ಇದೇ ಹಣೆಬರಹ. ಹಾಗೆಂದು ಇದು ಮರುಭೂಮಿಯಲ್ಲ. ಶೇಂಗಾ, ಜೋಳ, ಕಡಲೆ ಬೆಳೆಯುವ ನೆಲ. ಕಾರಿನ ಕಿಟಕಿಗೆ ಖಾಲಿ ಕಂಡದ್ದು ಕಡತದಲ್ಲಿ ಬಂಜರಾಗುವುದಕ್ಕೆ, ಬಂಜರಾದದ್ದು ಯಾರದೋ ಪಾಲಾಗುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ.

ದಾರಿಯಲ್ಲಿ ಬೇಲಂ ಗುಹೆ ಸಿಗುತ್ತದೆ. ಸುಣ್ಣದ ಕಲ್ಲನ್ನು ನೀರು ಕೊರೆದು ಮಾಡಿದ 3,229 ಮೀಟರ್ ಉದ್ದದ ಸುರಂಗಜಾಲ. ಪ್ರವಾಸಿಗರಿಗೆ ತೆರೆದಿರುವುದು ಅದರ ಅರ್ಧದಷ್ಟು. 1884ರಲ್ಲಿ ಇದನ್ನು ದಾಖಲಿಸಿದವನು ರಾಬರ್ಟ್ ಬ್ರೂಸ್ ಫೂಟ್, ಬಳ್ಳಾರಿಯ ಸಂಗನಕಲ್ಲಿನಲ್ಲಿ ಶಿಲಾಯುಗದ ನೆಲೆ ಗುರುತಿಸಿದ ಅದೇ ಭೂವಿಜ್ಞಾನಿ. ಆಮೇಲೆ ಸುಮಾರು ನೂರು ವರ್ಷ ಯಾರೂ ಅದರ ಗೋಜಿಗೆ ಹೋಗಲಿಲ್ಲ. 1982-83ರಲ್ಲಿ ಜರ್ಮನಿಯ ಗುಹಾ ಶೋಧಕರ ತಂಡ ಬಂದು ಅಳೆಯಿತು. 1980ರ ದಶಕದಲ್ಲೂ ಸುತ್ತಲಿನವರು ಇಲ್ಲಿ ಕಸ ಸುರಿಯುತ್ತಿದ್ದರು. ಪ್ರವಾಸೋದ್ಯಮ ನಿಗಮ ದೀಪ ಹಾಕಿ, ದಾರಿ ಮಾಡಿ, ಟಿಕೆಟ್ ಇಟ್ಟ ಮೇಲೆ ಅದೇ ಗುಂಡಿ ವಿಸ್ಮಯವಾಯಿತು. ಗುಹೆ ಮೊದಲೂ ಅದೇ, ಈಗಲೂ ಅದೇ. ಟಿಕೆಟ್ ಹರಿಯುವವರೆಗೆ ನಮಗೆ ಕಣ್ಣು ಬರುವುದಿಲ್ಲ ಅಷ್ಟೆ.

ಬೇಲಂನ ಸುತ್ತಮುತ್ತ ಅಗೆದು ತೆಗೆಯುವ ಕಪ್ಪು ಸುಣ್ಣಕಲ್ಲಿನ ಚಪ್ಪಡಿಯನ್ನು ಕನ್ನಡದ ಓದುಗರು ಬಲ್ಲರು. ಅಡುಗೆಮನೆಯ ಕಟ್ಟೆಗೆ, ಗೋಡೆಯ ಶೆಲ್ಫಿಗೆ ಹಾಕುವ ಕಡಪ ಕಲ್ಲು ಅದೇ. ಮನೆಯಲ್ಲಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಡುತ್ತೇವೆ, ಇಲ್ಲಿ ಅದರ ಒಳಗೆ ಹೊಕ್ಕು ಸೆಲ್ಫಿ ತೆಗೆದುಕೊಳ್ಳುತ್ತೇವೆ.

ಸಂಜೆಗೆ ಗಂಡಿಕೋಟ. ಕೆಂಪು ಬಂಡೆಗಳನ್ನು ಸೀಳಿಕೊಂಡು ಹೋದ ಪೆನ್ನಾ ನದಿ ಹುಟ್ಟುವುದು ನಂದಿಬೆಟ್ಟದ ಸಾಲಿನಲ್ಲಿ. ಕನ್ನಡದವರಿಗೆ ಅವಳು ಉತ್ತರ ಪಿನಾಕಿನಿ. ಅಂಚಿನ ಕೋಟೆಯನ್ನು ಗೋಲ್ಕೊಂಡದ ಸುಲ್ತಾನನ ಪರವಾಗಿ ಮೀರ್ ಜುಮ್ಲಾ 1650ರಲ್ಲಿ ಗೆದ್ದುಕೊಂಡ. ಎರಡು ವರ್ಷದ ಮೇಲೆ ವಜ್ರದ ವ್ಯಾಪಾರಿ ತವೆರ್ನಿಯೆ ಅವನನ್ನು ಹುಡುಕಿಕೊಂಡು ಇಲ್ಲಿಗೇ ಬಂದಿದ್ದ. ಹೈದರಾಬಾದಿನವರಿಗೆ ಈ ಜಾಗ ಹೊಸದೇನಲ್ಲ.

ಗಂಡಿ ಎಂದರೆ ಕಿರಿದಾದ ಸಂದು. ತೆಲುಗಿನಲ್ಲೂ ಅಷ್ಟೆ, ಕನ್ನಡದಲ್ಲೂ ಅಷ್ಟೆ. ಹೆಸರೇ ಜಾಗವನ್ನು ಹೇಳುತ್ತಿರುವಾಗ ಅಮೆರಿಕದ ಬಿರುದು ಯಾಕೆ ಬೇಕಾಯಿತು? ಅಲ್ಲಿನ ಕಂದರ 446 ಕಿಲೋಮೀಟರ್ ಉದ್ದ, ಕೆಲವೆಡೆ 1.8 ಕಿಲೋಮೀಟರಿಗೂ ಆಳ. ಆ ಅಳತೆಗೋಲು ಹಿಡಿದರೆ ಗಂಡಿಕೋಟ ಒಂದು ಮರಿ. ಬಿರುದು ಅದನ್ನು ದೊಡ್ಡದು ಮಾಡುವುದಿಲ್ಲ, ನಕಲು ಮಾಡುತ್ತದೆ. ಅಳೆಯಲೇಬೇಕೆಂದರೆ ಇನ್ನೊಂದು ಲೆಕ್ಕವಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿರುವ ಅತಿ ಹಳೆಯ ಶಿಲೆಗೆ ಸುಮಾರು 184 ಕೋಟಿ ವರ್ಷ. ಹೈದರಾಬಾದಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ. ಅಂದರೆ ಈ ಗೆಳೆಯರು ನಸುಕಿನಲ್ಲಿ ಕಾರು ಹತ್ತುವಾಗ ಬೆನ್ನು ತಿರುಗಿಸಿದ್ದು ಆ ಕಂದರಕ್ಕಿಂತಲೂ ಬಹಳ ಹಳೆಯದಾದ ಕಲ್ಲಿಗೆ.

ಹಂಪಿ ನೋಡಿದವರಿಗೆ ಹೈದರಾಬಾದಿನ ಬಂಡೆಗಳನ್ನು ಪರಿಚಯಿಸಬೇಕಿಲ್ಲ. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ನಿಂತ ದುಂಡು ಬಂಡೆಗಳು. ಇವು ಎಲ್ಲಿಂದಲೋ ಉರುಳಿ ಬಂದವಲ್ಲ. ನೆಲದಾಳದಲ್ಲಿ ಹೆಪ್ಪುಗಟ್ಟಿದ ಗ್ರಾನೈಟ್, ಮೇಲಿನ ಪದರ ಸವೆಯುತ್ತ ಹೋದಂತೆ ಹೊರಗೆ ಬಂದು ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿದು ಮೂಲೆಗಳು ಕರಗಿದವು, ಪುಡಿಯಾದದ್ದು ಮಳೆಯಲ್ಲಿ ಕೊಚ್ಚಿ ಹೋಯಿತು. ಗಟ್ಟಿ ತಿರುಳು ಹುಟ್ಟಿದ ಜಾಗದಲ್ಲೇ ನಿಂತಿದೆ. ಗೋಲ್ಕೊಂಡ ಕೋಟೆ ಕಟ್ಟಿದವರು ಇಂಥ ಬಂಡೆಗಳನ್ನು ಒಡೆಯದೆ ಗೋಡೆಗೇ ಸೇರಿಸಿಕೊಂಡರು. ಜುಬಿಲಿ ಹಿಲ್ಸ್‌ನ ಕೆಲವು ಹಳೆಯ ಮನೆಗಳಲ್ಲೂ ಬಂಡೆ ಅಂಗಳದಲ್ಲೇ ಉಳಿದಿದೆ.

ಉಳಿದ ಕಡೆ ಕಥೆ ಬೇರೆ. ಬಂಜಾರಾ ಹಿಲ್ಸ್‌ನಿಂದ ಶುರುವಾದ ಒಡೆತ ಮಾದಾಪುರ, ಮಣಿಕೊಂಡ, ನಾನಕ್‌ರಾಮಗುಡ, ಕೋಕಾಪೇಟೆಯ ತನಕ ಬಂದಿದೆ. 1996ರಲ್ಲಿ ಕೆಲವರು ಬಂಡೆ ಉಳಿಸುವುದಕ್ಕೆಂದೇ ಒಂದು ಸಂಘ ಕಟ್ಟಿದರು. ಕೆಲವು ಬಂಡೆಗಳು ಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಕಾನೂನಿನ ಕಣ್ಣಲ್ಲಿ ಕಟ್ಟಡದ ಕಲ್ಲು ಒಂದು ಉಪಖನಿಜ, ಅಂದರೆ ರಾಜಧನ ಕಟ್ಟಿ ತೆಗೆಯಬಹುದಾದ ಸರಕು. ಭೂಪರಂಪರೆಯ ರಕ್ಷಣೆಗೆಂದು ಕೇಂದ್ರ ಸರ್ಕಾರ 2022ರಲ್ಲಿ ಹೊರತಂದದ್ದು ಒಂದು ಕರಡು ಮಸೂದೆ ಮಾತ್ರ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಉಳಿದದ್ದಕ್ಕೆ ಅದು ತೋಟದೊಳಗಿದ್ದದ್ದೂ ಒಂದು ಕಾರಣ. ಬೇಲಿಯಾಚೆ ಇದ್ದಿದ್ದರೆ ಇಷ್ಟರಲ್ಲಿ ಜಲ್ಲಿಯಾಗಿರುತ್ತಿತ್ತು.

2025ರ ಮಾರ್ಚ್ ಕೊನೆಗೆ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರುಗಳು ನುಗ್ಗಿದವು. ವಿದ್ಯಾರ್ಥಿಗಳು ಅಡ್ಡ ನಿಂತರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು. ಕೋರ್ಟನ್ನು ಎಚ್ಚರಿಸಿದ್ದು ಉರುಳಿದ ಮರಗಳು, ಓಡಿ ಬಂದ ಜಿಂಕೆ, ನವಿಲುಗಳು. ಅದು ಆಗಬೇಕಾದದ್ದೇ. ಮರ ಬಿದ್ದರೆ ಸಸಿ ನೆಡುತ್ತೇವೆಂದು ಹೇಳಿ ಪಾರಾಗಲಾದರೂ ಒಂದು ದಾರಿಯಿದೆ. ಒಡೆದ ಬಂಡೆಗೆ ಬದಲಾಗಿ ಯಾರು ಏನನ್ನು ನೆಡುತ್ತಾರೆ? ಜಿಂಕೆ ಕೂಗೀತು, ಬಂಡೆ ಕೂಗುವುದಿಲ್ಲ.

ಮನೆ ಬೇಡವೇ, ಕೆಲಸ ಬೇಡವೇ ಎಂದು ಕೇಳಬಹುದು. ಬೇಕು. ಆ ನಾಲ್ವರನ್ನು ಹೈದರಾಬಾದಿಗೆ ಕರೆತಂದದ್ದೂ ಆ ಕೆಲಸವೇ, ಅವರ ಅಪಾರ್ಟ್‌ಮೆಂಟಿನ ತಳಪಾಯದ ಕೆಳಗಿರುವುದೂ ಒಂದು ಒಡೆದ ಗುಡ್ಡವೇ. ಅವರನ್ನು ಅಪರಾಧಿಗಳೆನ್ನುವುದು ಸುಲಭ ಮತ್ತು ಸುಳ್ಳು. ಆದರೆ ಕಲ್ಲು ನೋಡಲು 400 ಕಿಲೋಮೀಟರ್ ಹೋಗುವವರಿಗೆ ಕಲ್ಲಿನ ಮೇಲೆ ಪ್ರೀತಿ ಇಲ್ಲವೆನ್ನಲಾಗದು. ಆ ಪ್ರೀತಿ ಟೋಲ್ ಗೇಟಿನಾಚೆ ಮಾತ್ರ ಎಚ್ಚರವಾಗುತ್ತದೆ ಎಂಬುದು ತಕರಾರು. ತಿಂಗಳಿಗೊಮ್ಮೆ ನಡೆಯುವ ಬಂಡೆ ನಡಿಗೆಗೆ ಒಂದು ಭಾನುವಾರದ ಬೆಳಗು ಸಾಕು. ಲೇಔಟಿನ ನಕ್ಷೆ ಬಂದಾಗ ಆ ಗುಡ್ಡವನ್ನು ಪಾರ್ಕಿಗೆ ಬಿಡಿ ಎಂದು ಕೇಳಲು ಹತ್ತು ಜನ ಮನೆ ಕೊಳ್ಳುವವರು ಸಾಕು. ಬಿಲ್ಡರು ವಿಜ್ಞಾನಿಯ ಮಾತು ಕೇಳದಿದ್ದರೂ ಗಿರಾಕಿಯ ಮಾತು ಕೇಳುತ್ತಾನೆ.

ಭಾನುವಾರ ರಾತ್ರಿ ಕಾರು ವಾಪಸು ಬರುತ್ತದೆ. ಕಂದರದ ಫೋಟೊ ಸ್ಟೇಟಸ್ಸಿಗೆ ಏರಿದೆ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಓದದೆ ಉಳಿದ ಒಂದು ಸಂದೇಶವಿದೆ: ಪಕ್ಕದ ಸೈಟಿನಲ್ಲಿ ನಾಳೆ ಮಧ್ಯಾಹ್ನ ಬಂಡೆ ಸಿಡಿಸುತ್ತಾರೆ, ದಯವಿಟ್ಟು ಕಿಟಕಿ ಮುಚ್ಚಿಕೊಳ್ಳಿ.