ಬಾನೆಟ್ ಎತ್ತಿದರೆ ನಾಲ್ಕು ಪ್ಲಗ್

ಆರ್‌ಸಿಯಲ್ಲಿ ಮಾರುತಿ 800, ಮೂರು ಸಿಲಿಂಡರ್, 796 ಸಿಸಿ. ಬಾನೆಟ್ ಎತ್ತಿದರೆ ನಾಲ್ಕು ಪ್ಲಗ್ ವೈರು. ಮೈಸೂರಿನಲ್ಲಿ ಮೋಟಾರು ವಿಮೆಯ ಸರ್ವೇಯರ್ ಆಗಿರುವ ನನಗೆ ಇಂಥ ಕಾರುಗಳು ಆಗಾಗ ಎದುರಾಗುತ್ತವೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಚೆನ್ನಾಗಿಯೇ ಮೂಡುತ್ತದೆ, ಆರ್‌ಸಿಗೂ ತಾಳೆಯಾಗುತ್ತದೆ. ಎಂಜಿನ್ ನಂಬರಿನ ಕಡೆ ಕೈ ಹೋದಾಗ ಮಾಲೀಕನ ಮುಖ ಬಿಗಿಯುತ್ತದೆ. "ಅಲ್ಲಿ ಗ್ರೀಸ್ ಜಾಸ್ತಿ ಇದೆ ಸಾರ್, ನಿಮ್ಮ ಕೈ ಕೊಳೆಯಾಗುತ್ತೆ" ಎಂದು ನನ್ನ ಕೈಯ ಬಗ್ಗೆ ಇದ್ದಕ್ಕಿದ್ದಂತೆ ಕಾಳಜಿ ತೋರಿದವರೂ ಇದ್ದಾರೆ.

ಒಳಗೆ ಕೂತಿರುವುದು ಬಹುತೇಕ ಎಸ್ಟೀಮ್ ಕಾರಿನ ಎಂಜಿನ್. 1298 ಸಿಸಿ, 16 ವಾಲ್ವ್, 85 ಅಶ್ವಶಕ್ತಿ. 800ರ ಮೂಲ ಎಂಜಿನ್‌ಗೆ 40 ಅಶ್ವಶಕ್ತಿಯೂ ಇರಲಿಲ್ಲ. ಕಾರಿನ ತೂಕವೋ 650 ಕೆ.ಜಿ. ಆಸುಪಾಸು, ಎಸ್ಟೀಮ್ ಅದಕ್ಕಿಂತ ಸುಮಾರು 200 ಕೆ.ಜಿ. ಹೆಚ್ಚು ಭಾರ. ಭಾರದ ಕಾರನ್ನು ಎಳೆಯಲೆಂದು ಮಾಡಿದ ಎಂಜಿನ್ ಹಗುರ ಕಾರಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಂತ ದೊಡ್ಡ ಕಾರಿನವರು ಹಸಿರು ದೀಪ ಬಿದ್ದ ಮೇಲೆ ತಿಳಿದುಕೊಳ್ಳುತ್ತಾರೆ. ಆ ಸುಖ ನನಗೆ ಅರ್ಥವಾಗದ್ದೇನಲ್ಲ.

ಇದನ್ನು ಮಾಡಿಸುವವರೆಲ್ಲ ಪುಂಡರು ಎಂದು ಬರೆದುಬಿಡುವುದು ಸುಲಭ. ನಾನು ಕಂಡವರಲ್ಲಿ ಹೆಚ್ಚಿನವರು ಅಪ್ಪನ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಮಕ್ಕಳು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಿಗೆ ಮೊದಲ ಕಾರು ಅದೇ ಆಗಿತ್ತು. ಎಂಜಿನ್ ಹೊಗೆ ಉಗುಳತೊಡಗಿದಾಗ ಅದನ್ನೇ ಬಿಚ್ಚಿ ರಿಪೇರಿ ಮಾಡಿಸುವ ಬದಲು, ಗುಜರಿಯಲ್ಲಿ ಸಿಗುವ ಎಸ್ಟೀಮ್ ಎಂಜಿನ್ ಯಾಕಾಗಬಾರದು ಎಂದು ಯಾರೋ ಕಿವಿಯಲ್ಲಿ ಊದುತ್ತಾರೆ. ಅಲ್ಲಿಂದ ಶುರು.

ಊದುವವರು ಉಳಿದ ಕೆಲಸದ ಪಟ್ಟಿ ಹೇಳುವುದಿಲ್ಲ. ಮಾರುತಿಯದೇ ಝೆನ್ ಕಾರಾದರೆ ಪರವಾಗಿಲ್ಲ, ಅದರ 993 ಸಿಸಿ ಎಂಜಿನ್ನೂ ಎಸ್ಟೀಮ್ ಎಂಜಿನ್ನೂ ಸುಜುಕಿಯ ಒಂದೇ ಜಿ ಕುಟುಂಬದವು, ಜೋಡಣೆ ಬಹಳ ಮಟ್ಟಿಗೆ ಹೊಂದುತ್ತದೆ. 800ರ ಎಂಜಿನ್ ಎಫ್ ಕುಟುಂಬದ್ದು. ಅದರ ಜಾಗಕ್ಕೆ ಜಿ ಎಂಜಿನ್ ತರಬೇಕೆಂದರೆ ಗೇರ್‌ಬಾಕ್ಸ್ ಸಮೇತ ತರಬೇಕು, ಮೌಂಟಿಂಗ್‌ಗಳನ್ನು ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕು, ಆಕ್ಸಲ್‌ಗಳ ಅಳತೆ ಹೊಂದಿಸಬೇಕು, ರೇಡಿಯೇಟರ್ ದೊಡ್ಡದು ಬೇಕು, ಗೇರ್ ರಾಡ್‌ಗೆ ಬೇರೆ ದಾರಿ ಹುಡುಕಬೇಕು. ಕಾರ್ಬ್ಯುರೇಟರ್ ಕಾಲದ ಗಾಡಿಯಾದರೆ ಇನ್ನೂ ಒಂದು ತಲೆನೋವು. ಆ ಕಾರಿನ ಪೆಟ್ರೋಲ್ ಪೈಪುಗಳು ಕಡಿಮೆ ಒತ್ತಡಕ್ಕೆ ಮಾಡಿದವು. ಪೆಟ್ರೋಲನ್ನು ಸಿಂಪಡಿಸುವ ಎಸ್ಟೀಮ್‌ನ ಎಂಪಿಎಫ್‌ಐ ಎಂಜಿನ್‌ಗೆ ವಿದ್ಯುತ್ ಪಂಪು ಬೇಕು, ಅದು ತಳ್ಳುವ ಒತ್ತಡ ಎಷ್ಟೋ ಪಟ್ಟು ಹೆಚ್ಚು. ಹಳೆಯ ರಬ್ಬರ್ ಹೋಸಿಗೆ ಕ್ಲಿಪ್ ಬಿಗಿದು ಬಿಟ್ಟ ಕಾರುಗಳನ್ನು ನೋಡಿದ್ದೇನೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಹಾದುಹೋಗುವ ಆ ಹೋಸು ಬಿರುಕು ಬಿಟ್ಟ ದಿನ ಫೈಲು ನನ್ನ ಮೇಜಿಗೆ ಬರುತ್ತದೆ.

ಇಷ್ಟೆಲ್ಲ ಆದರೂ ಬ್ರೇಕಿನ ಮಾತು ಬಂದಿಲ್ಲ ನೋಡಿ. ಗ್ಯಾರೇಜುಗಳಲ್ಲೂ ಹೀಗೇ ಆಗುವುದು. ಬನ್ನಿಮಂಟಪದ ಕಡೆ ಇಂಥ ಕೆಲಸದಲ್ಲಿ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ್ದು: "ಎಂಜಿನ್ ಕೂರಿಸೋಕೆ ಓಡಿ ಬರ್ತಾರೆ ಸಾರ್. ಬ್ರೇಕ್ ಅಂದ್ರೆ, ಮುಂದಿನ ತಿಂಗಳು ನೋಡೋಣ ಭಾಯ್ ಅಂತಾರೆ. ಆ ಮುಂದಿನ ತಿಂಗಳು ಬರೋದೇ ಇಲ್ಲ." 800ರ ಚಕ್ರ 12 ಇಂಚಿನದು. ದೊಡ್ಡ ಡಿಸ್ಕ್ ಹಾಕಬೇಕೆಂದರೆ ಮೊದಲು 13 ಇಂಚಿನ ಚಕ್ರ ಬೇಕು. ಆಮೇಲೆ ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್, ಬೂಸ್ಟರ್. ಹಳೆಯ ಎಷ್ಟೋ 800ಗಳಲ್ಲಿ ಬೂಸ್ಟರ್ ಇರಲೇ ಇಲ್ಲ. ದುಡ್ಡು ಎಂಜಿನ್‌ಗೇ ಮುಗಿದಿರುತ್ತದೆ, ಹುಮ್ಮಸ್ಸೂ ಅಲ್ಲಿಗೇ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರ ಹೇಳುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 60ರಲ್ಲಿ ಹೋಗಬೇಕಾದ ಕಾರು 120ರಲ್ಲಿ ಹೋಗುವಾಗ ಆ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ.

ಇದಕ್ಕೆ ನಮ್ಮ ಕಾನೂನು ಏನು ಹೇಳುತ್ತದೆ? ಒಂದೇ ಮಾತು: ಮಾಡಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ಹೀಗೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕಿಸಿದರೆ ಆರ್‌ಟಿಒ ಅನುಮತಿಯೊಂದಿಗೆ ಹೊಸ ಸಂಖ್ಯೆಯನ್ನು ಆರ್‌ಸಿಗೆ ಸೇರಿಸಿಕೊಳ್ಳಬಹುದು. ಸಿಎನ್‌ಜಿ ಕಿಟ್ ಹಾಕಿಸಬಹುದು. ಪೆಟ್ರೋಲ್ ಎಂಜಿನ್ ಕಿತ್ತೆಸೆದು ಮಾನ್ಯತೆ ಪಡೆದ ವಿದ್ಯುತ್ ಮೋಟಾರಿನ ಕಿಟ್ ಕೂರಿಸುವುದಕ್ಕೂ ದಾರಿಯಿದೆ. ಕಾರಿನ ಹೃದಯವನ್ನೇ ಬದಲಿಸಿ ಅದನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ವಿದ್ಯೆ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ ಎಂದಾಯಿತು.

ಪೂರ್ತಿ ನಿಷೇಧದಿಂದ ಎಂಜಿನ್ ಬದಲಾವಣೆ ನಿಂತಿಲ್ಲ, ಬಿಲ್ ಕೊಡುವುದು ನಿಂತಿದೆ. ವೆಲ್ಡಿಂಗ್ ಯಾರು ಮಾಡಿದರು ಎಂದು ಕೇಳಿದರೆ ಉತ್ತರವಿಲ್ಲ. ಒಳ್ಳೆಯ ಕೆಲಸಗಾರನಿಗೂ ಕೆಟ್ಟ ಕೆಲಸಗಾರನಿಗೂ ಶಿಕ್ಷೆ ಒಂದೇ ಆದ್ದರಿಂದ ಬ್ರೇಕಿಗೆ ಖರ್ಚು ಮಾಡಿದವನಿಗೆ ಕಾನೂನಿನ ಕಣ್ಣಲ್ಲಿ ಏನೂ ಲಾಭವಿಲ್ಲ. ವಿಮೆಯ ಕಥೆ ಇನ್ನೂ ಕೆಟ್ಟದು. ಎಂಜಿನ್ ನಂಬರ್ ತಾಳೆಯಾಗದಿದ್ದರೆ ಸ್ವಂತ ಕಾರಿನ ಕ್ಲೇಮು ತಿರಸ್ಕರಿಸಲು ಕಂಪನಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಡಿಕ್ಕಿ ಹೊಡೆಸಿಕೊಂಡವನ ಪರಿಹಾರದ ವಿಷಯದಲ್ಲೂ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶ ಬಂದರೆ ಅಪ್ಪನ ಕಾರಿನ ಜೊತೆ ಅಪ್ಪನ ಮನೆಯೂ ಹೋಗಬಹುದು. ನನ್ನ ವರದಿಯಲ್ಲಿ "ಎಂಜಿನ್ ನಂಬರ್ ಹೊಂದುವುದಿಲ್ಲ" ಎಂದು ಬರೆಯುವುದು ನನ್ನ ಕೆಲಸ, ಬರೆಯುತ್ತೇನೆ. "ಒಂಚೂರು ಅಡ್ಜಸ್ಟ್ ಮಾಡಿ ಸಾರ್" ಎಂದವರ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು.

ಜರ್ಮನಿಯಲ್ಲಿ ಬೇರೆ ಎಂಜಿನ್ ಕೂರಿಸಿದ ಕೂಡಲೇ ಕಾರಿನ ಪರವಾನಗಿ ಬಿದ್ದುಹೋಗುತ್ತದೆ. ಆದರೆ ಟ್ಯುವ್‌ನಂಥ ಸಂಸ್ಥೆಯ ತಜ್ಞ ಆ ಒಂದು ಕಾರನ್ನು ಬಿಡಿಯಾಗಿ ಪರೀಕ್ಷಿಸಿ, ಬ್ರೇಕು, ಹೊಗೆ, ಸದ್ದು, ಜೋಡಣೆ ಸರಿಯಿದ್ದರೆ ದಾಖಲೆಯಲ್ಲಿ ಬರೆದುಕೊಡುತ್ತಾನೆ. ಹಳೆಯ ಸಣ್ಣ ಗಾಲ್ಫ್ ಕಾರಿಗೆ ಆರು ಸಿಲಿಂಡರಿನ ವಿಆರ್6 ಎಂಜಿನ್ ಹಾಕಿಸಿಕೊಂಡು ಅಲ್ಲಿನವರು ರಾಜಾರೋಷವಾಗಿ ಓಡಾಡುವುದು ಇದರಿಂದಲೇ. ಪರೀಕ್ಷೆ ಕಠಿಣ, ದುಬಾರಿ, ಎಷ್ಟೋ ಜನ ಫೇಲಾಗುತ್ತಾರೆ. ಫೇಲಾದವರು ಬ್ರೇಕು ಸರಿಮಾಡಿಸಿಕೊಂಡು ಮತ್ತೆ ಬರುತ್ತಾರೆ. ನನಗೆ ಬೇಕಾದದ್ದು ಈ ಎರಡನೆಯ ಭೇಟಿ.

ಇಲ್ಲೂ ಅಂಥ ಪರೀಕ್ಷೆಗೆಂದು ಆರ್‌ಟಿಒದಲ್ಲಿ ಇನ್ನೊಂದು ಕೌಂಟರ್ ತೆರೆದರೆ ಇನ್ನೊಬ್ಬ ಏಜೆಂಟ್ ಹುಟ್ಟುತ್ತಾನೆ ಎಂದು ಗೆಳೆಯರು ನಗುತ್ತಾರೆ. ನಗಲಿ. ಅದಕ್ಕೇ ಈ ಕೆಲಸ ಕಿಟಕಿಯಲ್ಲಿ ಆಗಬಾರದು, ರೋಲರ್ ಮೇಲೆ ಆಗಬೇಕು. ದೇಶದಲ್ಲಿ ಈಗ ಬರುತ್ತಿರುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಲ್ಲಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಯಂತ್ರವೇ ಅಳೆಯುತ್ತದೆ. ಯಂತ್ರದ ಅಂಕಿಯ ಜೊತೆ ವೆಲ್ಡಿಂಗ್‌ನ ಫೋಟೋ, ಗ್ಯಾರೇಜಿನ ಬಿಲ್ಲು, ಎಂಜಿನ್ ತಂದ ಗುಜರಿಯ ರಸೀದಿ ಇರಲಿ. ರಸೀದಿ ಕಡ್ಡಾಯವಾದರೆ ಕದ್ದ ಕಾರಿನ ಎಂಜಿನ್ ಮಾರುವ ದಂಧೆಗೂ ಸ್ವಲ್ಪ ಕಡಿವಾಣ ಬೀಳುತ್ತದೆ.

ಎಲ್ಲ ಕಾರೂ ಪಾಸಾಗಬೇಕೆಂದು ನಾನು ಹೇಳುತ್ತಿಲ್ಲ. ಮುಂಭಾಗದ ಡಿಕ್ಕಿಯ ಸುರಕ್ಷತಾ ನಿಯಮ ಭಾರತದಲ್ಲಿ ಹೊಸ ಮಾದರಿಗಳಿಗೆ ಜಾರಿಯಾದದ್ದೇ 2017ರ ಅಕ್ಟೋಬರ್‌ನಲ್ಲಿ, 800 ಅಷ್ಟರಲ್ಲಿ ನಿವೃತ್ತಿಯಾಗಿತ್ತು. ಜಜ್ಜಿಹೋದ 800ಗಳನ್ನು ಅಳೆದು ಅಳೆದು ಅಭ್ಯಾಸವಾದವನ ಮಾತು ಕೇಳುವುದಾದರೆ, ಆ ತೆಳು ತಗಡಿಗೆ 85 ಅಶ್ವಶಕ್ತಿ ಬೇಡವೇ ಬೇಡ. ತೂಕಕ್ಕೆ ತಕ್ಕ ಶಕ್ತಿಯ ಮಿತಿ ಇಡಿ, 800 ಅಲ್ಲೇ ಹೊರಬೀಳಲಿ. ಎಸ್ಟೀಮ್ ಬ್ರೇಕು, 13 ಇಂಚಿನ ಚಕ್ರ, ಹೊಸ ಪೆಟ್ರೋಲ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಇರುವ ಝೆನ್ ಒಳಗೆ ಬರಲಿ. ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗಿಂತ ಅದರ ಹೊಗೆಯೂ ಕಡಿಮೆಯೇ ಇರುತ್ತದೆ. 800 ಬಿಡಲಾರೆ, ವೇಗವೂ ಬೇಕು ಎನ್ನುವವರು ಕಾರನ್ನು ಲಾರಿಯ ಮೇಲೇರಿಸಿಕೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೋಗಲಿ, ಒಳಗೆ ರೋಲ್ ಕೇಜ್ ಹಾಕಿಸಿ.

ತಪಾಸಣೆಯ ಶುಲ್ಕ ಜಾಸ್ತಿಯೇ ಇರಲಿ, ಇಪ್ಪತ್ತೈದು ಸಾವಿರ ಅಂದರೂ ಸರಿ. ವಿಮೆಯ ಪ್ರೀಮಿಯಂ ಕೂಡ ಏರಲಿ. ಎಂಜಿನ್ ಹುಡುಕಿಕೊಂಡು ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳನ್ನು ಸುತ್ತಿದವರು, ವೈರಿಂಗ್‌ಗಾಗಿ ಕಾರನ್ನು ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಬಿಟ್ಟವರು, ಅದನ್ನು ಗೊಣಗಿಕೊಂಡಾದರೂ ಕಟ್ಟುತ್ತಾರೆ. ಕಟ್ಟಲು ಒಂದು ಜಾಗವನ್ನು ಮೊದಲು ಸಾರಿಗೆ ಇಲಾಖೆ ತೋರಿಸಬೇಕು.